ಪಿನ್ ಕೂತರೆ ಸಾಲದು: ಹಳೆಯ ರೇಡಿಯೋಗೆ ಬದಲಿ ಅಡಾಪ್ಟರ್

ಪ್ರಶ್ನೆ: ನಾಪೋಕ್ಲು ಹತ್ತಿರ ತೋಟದ ಮನೆ ನಮ್ಮದು. ಅಪ್ಪ ದಿನಾ ಮಡಿಕೇರಿ ಆಕಾಶವಾಣಿ ಕೇಳುವ, ನಾಲ್ಕು ದೊಡ್ಡ ಸೆಲ್ ಹಾಕುವ ರೇಡಿಯೋ ಇದೆ. ಏಪ್ರಿಲ್‌ನಲ್ಲಿ ಜೋರು ಸಿಡಿಲು ಹೊಡೆದ ರಾತ್ರಿಯಿಂದ ಅದರ ಅಡಾಪ್ಟರ್ ಸತ್ತಿದೆ. ಅಡಾಪ್ಟರ್ ಮೇಲಿನ ಅಕ್ಷರವೆಲ್ಲ ಅಳಿಸಿದೆ, ರೇಡಿಯೋ ಹಿಂದೆ ‘ಡಿಸಿ 6 ವೋಲ್ಟ್’ ಎಂದಷ್ಟೇ ಇದೆ. ಅಂಗಡಿಯಲ್ಲಿ ‘ಪಿನ್ ಸರಿಯಾಗಿ ಕೂರುತ್ತೆ, ತಗೊಂಡು ಹೋಗಿ’ ಎಂದು 12 ವೋಲ್ಟ್ 2 ಆಂಪಿಯರ್‌ದು ಕೊಟ್ಟರು. ಇನ್ನೊಬ್ಬರು ‘2 ಆಂಪಿಯರ್ ಹಾಕಿದರೆ ರೇಡಿಯೋ ಸುಟ್ಟುಹೋಗುತ್ತೆ’ ಎಂದರು. ಯಾರ ಮಾತು ನಂಬಲಿ? ಯಾವುದನ್ನು ಕೊಳ್ಳಲಿ?

ಉತ್ತರ: ಆ 12 ವೋಲ್ಟಿನದನ್ನು ರೇಡಿಯೋಗೆ ಚುಚ್ಚಬೇಡಿ. ಸುಡುತ್ತದೆ ಎಂದವರ ಮಾತು ಅರ್ಧ ಸರಿ. ಸುಡುವುದು ನಿಜ, ಆದರೆ 2 ಆಂಪಿಯರ್‌ನಿಂದಲ್ಲ, 12 ವೋಲ್ಟಿನಿಂದ.

ಇವೆರಡರ ವ್ಯತ್ಯಾಸ ತೋಟದಲ್ಲಿರುವವರಿಗೆ ಬೇಗ ಅರ್ಥವಾಗುತ್ತದೆ. ಫೆಬ್ರುವರಿ–ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುತ್ತೀರಲ್ಲ, ಅಲ್ಲಿ ಪೈಪಿನೊಳಗಿನ ಪ್ರೆಶರ್ ಇದ್ದಂತೆ ವೋಲ್ಟ್, ಕೆರೆಯಲ್ಲಿರುವ ನೀರು ಇದ್ದಂತೆ ಆಂಪಿಯರ್. ಕೆರೆ ದೊಡ್ಡದಾದರೆ ಸ್ಪ್ರಿಂಕ್ಲರ್ ಒಡೆಯುವುದಿಲ್ಲ, ಅದು ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಪ್ರೆಶರ್ ಎರಡು ಪಟ್ಟಾದರೆ ಜಾಯಿಂಟ್ ಕಿತ್ತುಹೋಗುತ್ತದೆ. ಅಡಾಪ್ಟರ್ ಮೇಲೆ ಬರೆದಿರುವ ಆಂಪಿಯರ್ ಅದು ಕೊಡಬಲ್ಲ ಗರಿಷ್ಠ ಮಿತಿ, ಬಲವಂತವಾಗಿ ತಳ್ಳುವ ಪ್ರಮಾಣವಲ್ಲ. ಆದ್ದರಿಂದ ವೋಲ್ಟ್ ಹೊಂದಲೇಬೇಕು, ಆಂಪಿಯರ್ ಬೇಕಾದ್ದಕ್ಕಿಂತ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆ ಇರಬಾರದು. 6 ವೋಲ್ಟಿನ ರೇಡಿಯೋಗೆ 6 ವೋಲ್ಟಿನದೇ 2 ಆಂಪಿಯರ್ ಅಡಾಪ್ಟರ್ ಹಾಕಿದರೂ ಏನೂ ಆಗದು.

12 ವೋಲ್ಟ್ ಹಾಕಿದರೆ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಕೆಲವೊಮ್ಮೆ ರೇಡಿಯೋ ಕೂಡಲೇ ಸಾಯುವುದಿಲ್ಲ, ಜನ ಅದನ್ನೇ ‘ಸರಿ ಇದೆ’ ಎಂದುಕೊಳ್ಳುತ್ತಾರೆ. ವೋಲ್ಟ್ ಇಮ್ಮಡಿಯಾದರೆ ಒಂದು ರೆಸಿಸ್ಟರ್‌ನಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. 6 ವೋಲ್ಟಿನ ರೇಡಿಯೋದೊಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಎಷ್ಟೋ ಸಲ 10 ವೋಲ್ಟ್ ತಾಳುವಂಥವು. ದನಿ ಮೊದಲ ದಿನ ಇನ್ನೂ ಜೋರಾಗಿ, ಚೆನ್ನಾಗಿಯೇ ಬಂದೀತು. ಒಳಗೆ ಆಡಿಯೋ ಐಸಿ (ದನಿ ಹೆಚ್ಚಿಸುವ ಚಿಪ್) ಬಿಸಿಯಾಗುತ್ತಿರುತ್ತದೆ, ಕೆಪಾಸಿಟರ್ ತಲೆ ಉಬ್ಬುತ್ತಿರುತ್ತದೆ. ಆಮೇಲೆ ಒಂದು ದಿನ ಬರೀ ‘ಗುಂಯ್’ ಎಂಬ ಸದ್ದು, ಅಥವಾ ಅದೂ ಇಲ್ಲ.

ಹೊಸದು ಕೊಳ್ಳುವ ಮೊದಲು ರೇಡಿಯೋ ಬದುಕಿದೆಯೇ ನೋಡಿ. ನಾಲ್ಕು ಹೊಸ ಸೆಲ್ ಹಾಕಿ. ಹಾಡಿದರೆ ಸಿಡಿಲಿನ ಪೆಟ್ಟು ಅಡಾಪ್ಟರ್‌ಗೇ ನಿಂತಿದೆ. ಹಾಡದಿದ್ದರೆ ಕೂಡಲೇ ಕೈಬಿಡಬೇಡಿ. ಅಡಾಪ್ಟರ್ ಚುಚ್ಚುವ ಜಾಕ್ ಒಳಗೆ ಒಂದು ಪುಟ್ಟ ಲೋಹದ ಪತ್ತಿಯ ಸ್ವಿಚ್ ಇರುತ್ತದೆ. ಪಿನ್ ಒಳಗೆ ಹೋದಾಗ ಅದು ಸರಿದು ಸೆಲ್‌ಗಳ ಸಂಪರ್ಕ ಕಡಿಯುತ್ತದೆ, ಪಿನ್ ತೆಗೆದಾಗ ಮತ್ತೆ ಕೂಡುತ್ತದೆ. ವರ್ಷಗಟ್ಟಲೆ ಪಿನ್ ಚುಚ್ಚಿಯೇ ಇಟ್ಟಿದ್ದರೆ, ಅದೂ ನಮ್ಮ ಕಕ್ಕಡದ (ಜುಲೈ–ಆಗಸ್ಟ್ ಮಳೆಗಾಲದ) ಥಂಡಿಯಲ್ಲಿ, ಪತ್ತಿ ಕಪ್ಪಾಗಿ ಸಂಪರ್ಕ ಕೂಡುವುದಿಲ್ಲ. ಗೋಡೆಯಿಂದ ಕಿತ್ತಿಟ್ಟ ಹಳೆಯ ಅಡಾಪ್ಟರ್‌ನ ಪಿನ್ನನ್ನು ಹತ್ತು ಹದಿನೈದು ಸಲ ಒಳಗೆ ಹೊರಗೆ ಮಾಡಿ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಇದ್ದರೆ ಒಂದು ಚಿಮುಕು ಹಾಕಿ ಮಾಡಿದರೆ ಇನ್ನೂ ಒಳ್ಳೆಯದು. ಇಷ್ಟರಲ್ಲೇ ಎಷ್ಟೋ ರೇಡಿಯೋ ಮತ್ತೆ ಮಾತಾಡುತ್ತವೆ.

ಹಳೆಯ ಅಡಾಪ್ಟರನ್ನೂ ಒಮ್ಮೆ ಗೋಡೆಗೆ ಚುಚ್ಚಿ, ಮೀಟರ್ ಇಟ್ಟು ನೋಡಿ. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ನಾಬ್ ಅನ್ನು ಡಿಸಿ ವೋಲ್ಟ್ 20ಕ್ಕೆ ತಿರುಗಿಸಿ. ಕೆಂಪು ಕಡ್ಡಿಯ ತುದಿಯನ್ನು ಪಿನ್ನಿನ ತೂತಿನೊಳಗೆ, ಕಪ್ಪನ್ನು ಹೊರಗಿನ ಲೋಹದ ಬಳೆಗೆ ಮುಟ್ಟಿಸಿ, ಎರಡೂ ಕಡ್ಡಿ ಒಂದಕ್ಕೊಂದು ತಾಗದಂತೆ. ಏನೂ ತೋರದಿದ್ದರೆ ಪಿನ್ನಿನ ಕತ್ತಿನ ಹತ್ತಿರ ವೈರನ್ನು ಅತ್ತಿತ್ತ ಬಗ್ಗಿಸುತ್ತಾ ನೋಡಿ. ಅಂಕಿ ಮಿಣುಕಿ ಮಾಯವಾದರೆ ವೈರ್ ಅಲ್ಲೇ ಒಳಗೆ ತುಂಡಾಗಿದೆ, ಸಿಡಿಲಿನ ತಪ್ಪಿಲ್ಲ. ಅಂಕಿ ಬಂದು, ಅದರ ಮುಂದೆ ಮೈನಸ್ ಗುರುತು ಕಂಡರೆ ಅದು ನಡು ಮೈನಸ್ ಅಡಾಪ್ಟರ್. ಬರೆದಿಟ್ಟುಕೊಳ್ಳಿ, ನಿಮಗೆ ಬೇಕಿರುವ ದೊಡ್ಡ ಸುಳಿವು ಇದೇ. ಪೂರ್ತಿ ಸತ್ತಿದ್ದರೆ ಬಿಚ್ಚಲು ಹೋಗಬೇಡಿ. ಸ್ವಿಚಿಂಗ್ ಅಡಾಪ್ಟರ್‌ನೊಳಗಿನ (ಈಗಿನ ಹಗುರ ಮಾದರಿ) ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಡಿಸಿ ತುಂಬಿರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲವೊಮ್ಮೆ ಉಳಿದಿರುತ್ತದೆ.

ಇನ್ನು ಬದಲಿ. ಹೊಂದಬೇಕಾದ್ದು ನಾಲ್ಕು: ಎಸಿಯೋ ಡಿಸಿಯೋ, ಎಷ್ಟು ವೋಲ್ಟ್, ನಡುವೆ ಪ್ಲಸ್ಸೋ ಮೈನಸ್ಸೋ, ಕೊನೆಗೆ ಪಿನ್ ಗಾತ್ರ. ಅಂಗಡಿಯಲ್ಲಿ ನೋಡುವುದು ಕೊನೆಯದನ್ನು ಮಾತ್ರ.

ಡಿಸಿ ಎಂದು ನಿಮ್ಮ ರೇಡಿಯೋ ಮೇಲೇ ಬರೆದಿದೆ. ಬರೆದಿರದ ಬೇರೆ ಸಾಮಾನಿಗೆ ಗುರುತು ನೋಡಿ: ನೇರ ಗೆರೆಯ ಕೆಳಗೆ ತುಂಡು ಗೆರೆ ಇದ್ದರೆ ಡಿಸಿ, ಅಲೆಯಂತೆ ಬಳುಕಿದ ಗೆರೆಯಾದರೆ ಎಸಿ. ಕೆಲವು ಸೌಂಡ್ ಮಿಕ್ಸರ್, ಹಳೆಯ ಮೋಡೆಮ್‌ಗಳ ಅಡಾಪ್ಟರ್ ಹೊರಗೆ ಕೊಡುವುದೂ ಎಸಿಯನ್ನೇ. ಅದನ್ನು ಡಿಸಿ ಸಾಮಾನಿಗೆ ಹಾಕಿದರೆ ಉಳಿಗಾಲವಿಲ್ಲ.

6 ವೋಲ್ಟ್ ಎಂಬುದಕ್ಕೂ ನಿಮ್ಮಲ್ಲಿ ಇನ್ನೊಂದು ಸಾಕ್ಷಿಯಿದೆ. ಸಾಲಾಗಿ ಕೂರುವ ನಾಲ್ಕು ಸೆಲ್, ಒಂದೊಂದೂ ಒಂದೂವರೆ ವೋಲ್ಟ್, ಒಟ್ಟು 6. ಸೆಲ್ಲಿನಲ್ಲೂ ಓಡುವ ಯಾವ ಸಾಮಾನಿನ ಬರಹ ಅಳಿಸಿದ್ದರೂ ಮೊದಲ ಅಂದಾಜಿಗೆ ಈ ಲೆಕ್ಕ ಒದಗುತ್ತದೆ. ಸೆಲ್ಲುಗಳು ಸಾಲಾಗಿ ಜೋಡಣೆಯಾಗಿವೆಯೇ ಎಂಬುದನ್ನು ಮಾತ್ರ ಪತ್ತಿಗಳನ್ನು ನೋಡಿ ಖಚಿತ ಮಾಡಿಕೊಳ್ಳಿ.

ಹೆಚ್ಚು ಜನ ಎಡವುವುದು ಪ್ಲಸ್ ಮೈನಸ್‌ನಲ್ಲಿ. ಈಗಿನ ರೌಟರ್, ಸೆಟ್‌ಟಾಪ್ ಬಾಕ್ಸ್, ಸಿಸಿಟಿವಿ ಎಲ್ಲದರಲ್ಲೂ ಹೆಚ್ಚುಕಡಿಮೆ ನಡು ಪ್ಲಸ್, ಹೊರಬಳೆ ಮೈನಸ್. ಅಂಗಡಿಯಲ್ಲಿ ಸಿಗುವ ಅಡಾಪ್ಟರ್‌ಗಳೂ ಹಾಗೆಯೇ. ಆದರೆ ಹಳೆಯ ರೇಡಿಯೋ, ಟೇಪ್‌ರೆಕಾರ್ಡರ್, ಕೆಲವು ಕೀಬೋರ್ಡ್‌ಗಳಲ್ಲಿ ನಡು ಮೈನಸ್. ಕ್ಯಾಸಿಯೋ ಕಂಪನಿಯ ಹಳೆಯ 9 ವೋಲ್ಟಿನ ಕೀಬೋರ್ಡ್‌ಗಳು ನಡು ಮೈನಸ್, ಯಮಾಹಾದ 12 ವೋಲ್ಟಿನವು ನಡು ಪ್ಲಸ್. ಪಿನ್ ನೋಡಲು ಒಂದೇ ಥರ. ರೇಡಿಯೋಗಳಲ್ಲಿ ಹೀಗೇಕೆ ಎಂದರೆ, ಮೇಲೆ ಹೇಳಿದ ಆ ಪತ್ತಿ ಸ್ವಿಚ್ ಇರುವುದು ಜಾಕ್‌ನ ಹೊರಬಳೆ ಮುಟ್ಟುವ ಕಡೆ. ಸೆಲ್ಲಿನ ಪ್ಲಸ್ ಅನ್ನು ಆ ಸ್ವಿಚ್ ಮೂಲಕ ಹಾಯಿಸಬೇಕಾದರೆ ಹೊರಬಳೆಯನ್ನೇ ಪ್ಲಸ್ ಮಾಡುವುದು ಸುಲಭ, ನಡುಕಡ್ಡಿ ತಾನಾಗಿ ಮೈನಸ್ ಆಗುತ್ತದೆ. ತಿರುಗುಮುರುಗಾಗಿ ಹಾಕಿದಾಗ, ದಾರಿಯಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ರಕ್ಷಣೆಯ ಡಯೋಡ್ ಇದ್ದರೆ ರೇಡಿಯೋ ಸುಮ್ಮನೆ ಮೂಕವಾಗಿರುತ್ತದೆ ಅಷ್ಟೇ. ಇಲ್ಲದಿದ್ದರೆ ಐಸಿಯೂ ಕೆಪಾಸಿಟರ್‌ಗಳೂ ಕ್ಷಣದಲ್ಲಿ ಹೋಗುತ್ತವೆ.

ನಿಮ್ಮ ರೇಡಿಯೋ ಮೇಲೆ ಗುರುತಿಲ್ಲ ಎಂದಿದ್ದೀರಿ. ಜಾಕ್ ಸುತ್ತ ಧೂಳು ಒರೆಸಿ, ಟಾರ್ಚ್ ಓರೆ ಹಿಡಿದು ಮತ್ತೊಮ್ಮೆ ನೋಡಿ. ನಡುವೆ ಚುಕ್ಕೆ, ಅದರ ಸುತ್ತ ಪೂರ್ತಿ ಮುಚ್ಚದ ಬಳೆ, ಎರಡರಿಂದಲೂ ಹೊರಟ ಗೆರೆಗಳ ತುದಿಗೆ ಪ್ಲಸ್, ಮೈನಸ್. ಇಂಥ ಚಿತ್ರ ಪ್ಲಾಸ್ಟಿಕ್‌ನಲ್ಲೇ ಉಬ್ಬಾಗಿ ಅಚ್ಚಾಗಿರುತ್ತದೆ, ಬಣ್ಣವಿಲ್ಲದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಚುಕ್ಕೆಯ ಗೆರೆ ಯಾವ ಗುರುತಿಗೆ ಹೋಗಿದೆಯೋ ನಡುಕಡ್ಡಿ ಅದು.

ಇಲ್ಲವೇ ಇಲ್ಲ ಎಂದಾದರೆ ಮೀಟರಿನಿಂದ ಕಂಡುಹಿಡಿಯಬಹುದು. ಸೆಲ್ ಎಲ್ಲ ಹೊರಗೆ ತೆಗೆಯಿರಿ. ಮೀಟರನ್ನು ಬೀಪ್ ಸದ್ದು ಮಾಡುವ ಸ್ಥಾನಕ್ಕೆ ತನ್ನಿ. ಸೆಲ್ ಸಾಲಿನ ಎರಡು ಕೊನೆಗಳಲ್ಲಿ, ರೇಡಿಯೋಗೆ ವೈರ್ ಹೋಗುವ ಪತ್ತಿಗಳನ್ನು ಗುರುತಿಸಿಕೊಳ್ಳಿ, ಸ್ಪ್ರಿಂಗ್ ಇರುವ ಕೊನೆ ಮೈನಸ್. ಒಂದು ಕಡ್ಡಿ ಜಾಕ್‌ನ ನಡುಕಡ್ಡಿಗೆ, ಇನ್ನೊಂದು ಆ ಮೈನಸ್ ಸ್ಪ್ರಿಂಗಿಗೆ. ಬೀಪ್ ಬಂದರೆ ನಡು ಮೈನಸ್. ಬದಲಿಗೆ ಪ್ಲಸ್ ಪತ್ತಿಗೆ ಮುಟ್ಟಿಸಿದಾಗ ಬಂದರೆ ನಡು ಪ್ಲಸ್. ಎರಡಕ್ಕೂ ಬಾರದಿದ್ದರೆ ಮಧ್ಯೆ ಡಯೋಡ್ ಇದೆ ಅಥವಾ ಜಾಕ್‌ನ ಬೆಸುಗೆ ಬಿಟ್ಟಿದೆ. ಆಗ ಊಹೆ ಬೇಡ, ರಿಪೇರಿಯವರು ಹಿಂಬದಿ ಬಿಚ್ಚಿ ನೋಡಲಿ.

ಪಿನ್ ಗಾತ್ರಕ್ಕೆ ರೇಡಿಯೋವನ್ನೇ ಜೊತೆಗೆ ಒಯ್ಯಿರಿ, ಅಳತೆ ಹೇಳಿ ತರಿಸುವುದಕ್ಕಿಂತ ಅದು ವಾಸಿ. ಹೊರಗೆ 5.5 ಮಿಲಿಮೀಟರ್ ಇರುವ ಪಿನ್ನುಗಳಲ್ಲೇ ಎರಡು ಜಾತಿ: ಒಳತೂತು 2.1 ಇರುವುದು, 2.5 ಇರುವುದು. 2.1ರದ್ದು ದಪ್ಪ ಕಡ್ಡಿಯ ಜಾಕ್‌ಗೆ ಹೋಗುವುದೇ ಇಲ್ಲ, ಆದ್ದರಿಂದ ಅಪಾಯವಿಲ್ಲ. 2.5ರದ್ದು ಸಣ್ಣ ಕಡ್ಡಿಯ ಜಾಕ್‌ಗೆ ಸಲೀಸಾಗಿ ಹೋಗುತ್ತದೆ, ಆದರೆ ಒಳಗೆ ಸಡಿಲ. ಮುಟ್ಟಿದರೆ ಬಂದ್, ಸರಿಸಿದರೆ ಚಾಲೂ ಎಂಬ ಕಾಟ ಶುರುವಾಗುವುದು ಅಲ್ಲಿಂದ. ಚಿಕ್ಕ ಸಾಮಾನುಗಳಲ್ಲಿ 4.0ಕ್ಕೆ 1.7, 3.5ಕ್ಕೆ 1.35 ಅಳತೆಯವೂ ಇವೆ. ಹಳೆಯ ಕೆಲವು ರೇಡಿಯೋಗಳಿಗೆ ಇಯರ್‌ಫೋನಿನದರಂಥ ಗಟ್ಟಿ ಪಿನ್ ಬರುತ್ತದೆ. ಅದು ಒಳಗೆ ಹೋಗುವಾಗ ಒಂದು ಕ್ಷಣ ಶಾರ್ಟ್ ಆಗಬಹುದಾದ್ದರಿಂದ ಪಿನ್ ಚುಚ್ಚಿದ ಮೇಲೇ ಗೋಡೆಯ ಸ್ವಿಚ್ ಹಾಕಬೇಕು.

ಸರಿಯಾದ ಪಿನ್ ಸಿಗದಿದ್ದರೆ, ಅಥವಾ ಪ್ಲಸ್ ಮೈನಸ್ ಉಲ್ಟಾ ಇದ್ದರೆ, ನಿಮ್ಮ ಹಳೆಯ ಅಡಾಪ್ಟರ್‌ನ ಪಿನ್ನೇ ಉತ್ತಮ. ಅದನ್ನು ಒಂದು ಗೇಣು ವೈರ್ ಸಮೇತ ಕತ್ತರಿಸಿ ಹೊಸ ಅಡಾಪ್ಟರ್‌ನ ವೈರಿಗೆ ಬೆಸೆಯಿರಿ. ಎರಡು ಎಳೆಗಳ ಜಾಯಿಂಟ್ ಎದುರುಬದುರಾಗದಂತೆ ಒಂದನ್ನು ಎರಡು ಸೆಂಟಿಮೀಟರ್ ಗಿಡ್ಡ ಕತ್ತರಿಸಿ. ಶಾಖಕ್ಕೆ ಕುಗ್ಗುವ ಸ್ಲೀವ್ ಅನ್ನು ಬೆಸೆಯುವ ಮೊದಲೇ ವೈರಿಗೆ ತೂರಿಸಿಡಿ, ಆಮೇಲೆ ನೆನಪಾದರೆ ಬಿಚ್ಚಬೇಕಾಗುತ್ತದೆ. ಬಿಳಿ ಗೆರೆಯ ಎಳೆಯೇ ಪ್ಲಸ್ ಎಂಬ ನಂಬಿಕೆಯಿದೆ. ಹಲವು ಬಾರಿ ನಿಜ, ಎಲ್ಲ ಬಾರಿ ಅಲ್ಲ, ಮೀಟರ್ ಹೇಳಿದ್ದನ್ನು ನಂಬಿ.

ಈಗ ನಿಜವಾದ ತೊಡಕು. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ ಎಲ್ಲಿ ಕೇಳಿದರೂ ಡಿಶ್, ಸಿಸಿಟಿವಿಯ ದೆಸೆಯಿಂದ 12 ವೋಲ್ಟಿನದು ಸುಲಭವಾಗಿ ಸಿಗುತ್ತದೆ, 5 ಮತ್ತು 9 ಕೂಡ. 6 ವೋಲ್ಟಿನದು ಅಪರೂಪ. ನಿಮ್ಮ ಮುಂದೆ ಮೂರು ದಾರಿಯಿದೆ.

ಒಂದು, 6 ವೋಲ್ಟಿನದನ್ನೇ ತರಿಸುವುದು. ಆನ್‌ಲೈನ್‌ನಲ್ಲೋ ಬೆಂಗಳೂರಿನ ಎಸ್‌ಪಿ ರೋಡ್ ಕಡೆ ಹೋಗುವವರ ಕೈಲೋ ಸಿಗುತ್ತದೆ. 6 ವೋಲ್ಟ್ 1 ಆಂಪಿಯರ್ ಕೇಳಿ. ಬರೀ ರೇಡಿಯೋಗೆ 500 ಮಿಲಿಆಂಪಿಯರ್ ಧಾರಾಳ, ಕ್ಯಾಸೆಟ್ ಕೂಡ ಇದ್ದರೆ ಮೋಟಾರ್ ಎಳೆಯುವುದರಿಂದ 1 ಇರಲಿ. ಲೇಬಲ್ ಓದುವಾಗ ಒಂದು ಎಚ್ಚರ: ಮೇಲಿನ ಸಾಲಿನಲ್ಲಿ ‘ಇನ್‌ಪುಟ್ 100–240 ವೋಲ್ಟ್, 0.3 ಆಂಪಿಯರ್’ ಎಂದಿರುತ್ತದೆ, ಅದು ಗೋಡೆಯಿಂದ ಎಳೆಯುವ ಲೆಕ್ಕ. ನಿಮಗೆ ಬೇಕಿರುವುದು ‘ಔಟ್‌ಪುಟ್’ ಸಾಲು. ಅಡಾಪ್ಟರ್‌ಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಇಂಗ್ಲಿಷಿನ ಆರ್ ಅಕ್ಷರ, ಅದರ ಮುಂದೆ ಎಂಟು ಅಂಕಿ ಇರಬೇಕು. ಆ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ಹೆಸರು ಬರುತ್ತದೆ, ಲೇಬಲ್‌ನದಕ್ಕೆ ತಾಳೆಯಾಗದಿದ್ದರೆ ವಾಪಸು ಕೊಡಿ. ಹಗುರವಾದ ಕಳ್ಳಮಾಲಿನಲ್ಲಿ 230 ವೋಲ್ಟಿನ ಕಡೆಗೂ 6 ವೋಲ್ಟಿನ ಕಡೆಗೂ ನಡುವಿನ ಅಂತರ ಕೂದಲೆಳೆಯಷ್ಟಿರುತ್ತದೆ. ಥಂಡಿ ಹಿಡಿದರೆ ಮೇನ್ಸ್ ಕರೆಂಟ್ ರೇಡಿಯೋ ಏರಿಯಲ್‌ವರೆಗೂ ಬರಬಹುದು, ಆ ಏರಿಯಲ್ ಎಳೆಯುವುದು ಅಪ್ಪನ ಕೈ.

ಎರಡನೆಯದು ಇವತ್ತೇ ಆಗುವಂಥದ್ದು. ಮೊಬೈಲ್ ಚಾರ್ಜರ್‌ಗೆ ಚುಚ್ಚುವ, ಇನ್ನೊಂದು ತುದಿಯಲ್ಲಿ ದುಂಡುಪಿನ್ ಇರುವ ಯುಎಸ್‌ಬಿ ಕೇಬಲ್ ಸಿಗುತ್ತದೆ. ಅದರಲ್ಲಿ ಬರುವುದು 5 ವೋಲ್ಟ್. ಕಡಿಮೆಯಾಯಿತಲ್ಲ ಎನ್ನಬೇಡಿ. ಸೆಲ್ ಅರ್ಧ ಸವೆದಾಗ ರೇಡಿಯೋಗೆ ಸಿಗುವುದು ಅಷ್ಟೇ, ರೀಚಾರ್ಜ್ ಸೆಲ್ ನಾಲ್ಕು ಹಾಕಿದರೆ 4.8 ವೋಲ್ಟ್ ಮಾತ್ರ. ದನಿ ತುಸು ತಗ್ಗೀತು, ಹಾನಿಯಿಲ್ಲ. ಈ ಕೇಬಲ್‌ಗಳು ಸಾಮಾನ್ಯವಾಗಿ ನಡು ಪ್ಲಸ್, ನಿಮ್ಮದು ನಡು ಮೈನಸ್ ಆದರೆ ಎಳೆ ಅದಲುಬದಲು ಮಾಡಿ ಬೆಸೆಯಬೇಕು. ಕೊಳ್ಳುವಾಗ 9 ಅಥವಾ 12ಕ್ಕೆ ಏರಿಸುವ ಬೂಸ್ಟ್ ಕೇಬಲ್ ಕೊಡದಂತೆ ನೋಡಿಕೊಳ್ಳಿ, ಅದು ಪವರ್‌ಬ್ಯಾಂಕ್‌ನಿಂದ ರೌಟರ್ ಓಡಿಸಲು ಬರುವಂಥದ್ದು. ರೌಟರ್, ಹಾರ್ಡ್‌ಡಿಸ್ಕ್‌ನಂಥವಕ್ಕೆ ಈ ಕಡಿಮೆ ವೋಲ್ಟಿನ ಉಪಾಯ ಸಲ್ಲದು, ಅವು ಮತ್ತೆ ಮತ್ತೆ ಆಫ್ ಆಗಿ ಆನ್ ಆಗುತ್ತವೆ.

ಮೂರನೆಯದು ನನ್ನ ಮೆಚ್ಚಿನದು, ಯಾಕೆಂದರೆ ರೇಡಿಯೋಗೆ ಅದೇ ಹಿತ. ಸ್ವಿಚಿಂಗ್ ಅಡಾಪ್ಟರ್‌ಗಳು ಒಳಗೆ ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್ ಆಫ್ ಆಗುತ್ತಿರುತ್ತವೆ. ಆ ಕಿರಿಕಿರಿ ಮೀಡಿಯಂ ವೇವ್‌ನಲ್ಲಿ ಜೇನ್ನೊಣದ ಗುಂಗಿನಂತೆ ಕೇಳಿಸುತ್ತದೆ. ಮಡಿಕೇರಿ ಎಫ್‌ಎಂಗೆ ಅಷ್ಟಾಗಿ ತಟ್ಟದು, ದೂರದ ಕೇಂದ್ರ ಹಿಡಿಯುವವರಿಗೆ ತಲೆನೋವು. ಮನೆಯಲ್ಲಿ ಹಳೆಯ ರೌಟರ್‌ನ, ಟ್ರಾನ್ಸ್‌ಫಾರ್ಮರ್ ಇರುವ ತೂಕದ 9 ವೋಲ್ಟ್ ಅಡಾಪ್ಟರ್ ಬಿದ್ದಿದ್ದರೆ ಅದರ ಮುಂದೆ 7806 ಎಂಬ ಮೂರು ಕಾಲಿನ ಐಸಿ ಹಾಕಿಸಿ. ಅಕ್ಷರ ನಿಮ್ಮ ಕಡೆ ಇರುವಂತೆ ಹಿಡಿದರೆ ಎಡಗಾಲು ಒಳಬರುವ ಪ್ಲಸ್, ನಡುಗಾಲು ಮೈನಸ್, ಬಲಗಾಲು 6 ವೋಲ್ಟ್ ಹೊರಗೆ. ಎಡಗಾಲು–ನಡುಗಾಲಿನ ನಡುವೆ 0.33 ಮೈಕ್ರೋಫ್ಯಾರಡ್, ಬಲಗಾಲು–ನಡುಗಾಲಿನ ನಡುವೆ 0.1ರ ಕೆಪಾಸಿಟರ್, ಕಾಲಿಗೆ ಆದಷ್ಟು ಹತ್ತಿರ. ಉಳಿದ ವೋಲ್ಟ್ ಶಾಖವಾಗಿ ಹೋಗುತ್ತದೆ. 9ರಿಂದ 6ಕ್ಕೆ ಇಳಿಸಿ 0.3 ಆಂಪಿಯರ್ ಎಳೆದರೆ 0.9 ವ್ಯಾಟ್, ಚಿಕ್ಕ ಅಲ್ಯೂಮಿನಿಯಂ ಹೀಟ್‌ಸಿಂಕ್ ಸಾಕು. ನೀವು ತಂದ 12 ವೋಲ್ಟಿನದರಿಂದಲೇ ಮಾಡಿದರೆ 1.8 ವ್ಯಾಟ್, ಹೀಟ್‌ಸಿಂಕ್ ದೊಡ್ಡದಿರಬೇಕು. ಗಾಳಿತೂತು ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿ, ಇರುವೆ ಹೋಗದಂತೆ ತೂತಿಗೆ ಒಳಗಿನಿಂದ ನೆಟ್ ಅಂಟಿಸಿ. ಒಳಬರುವ ವೋಲ್ಟ್ 8ಕ್ಕಿಂತ ಕೆಳಗಿದ್ದರೆ ಈ ಐಸಿ 6 ಅನ್ನು ಹಿಡಿದಿಡಲಾರದು ಎಂಬುದು ನೆನಪಿರಲಿ.

3ರಿಂದ 12ರವರೆಗೆ ಸ್ವಿಚ್ ತಿರುಗಿಸಿಕೊಳ್ಳುವ ‘ಯೂನಿವರ್ಸಲ್’ ಅಡಾಪ್ಟರ್‌ ಬಗ್ಗೆ ಎರಡು ಮಾತು. ತಾತ್ಕಾಲಿಕಕ್ಕೆ ಸರಿ. ಮಕ್ಕಳ ಕೈಯೋ ಪೊರಕೆಯೋ ತಾಗಿ 12ಕ್ಕೆ ಜಾರಿದರೆ ಮುಗಿಯಿತು. ಇಟ್ಟುಕೊಳ್ಳುವುದಾದರೆ 6ರಲ್ಲಿಟ್ಟು ಸ್ವಿಚ್ ಮೇಲೆ ಟೇಪ್ ಸುತ್ತಿ. ತುದಿಯ ಪಿನ್ ತಿರುಗಿಸಿ ಹಾಕಬಹುದಾದ ಮಾದರಿಯಲ್ಲಿ ಪ್ರತಿ ಸಲವೂ ಪ್ಲಸ್ ಮೈನಸ್ ನೋಡಿಯೇ ಚುಚ್ಚಬೇಕು.

ಇನ್ನೊಂದು ಗೊಂದಲ ಬರಬಹುದು. ತೂಕವಾದ, ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಮಾದರಿಯ 6 ವೋಲ್ಟ್ ಅಡಾಪ್ಟರ್ ಸಿಕ್ಕಿ, ಖಾಲಿ ಇರುವಾಗ ಮೀಟರ್ 8 ಅಥವಾ 9 ತೋರಿಸಿದರೆ ಗಾಬರಿಬೇಡ. ಭಾರ ಬಿದ್ದಾಗ ಅದು ಕೆಳಗಿಳಿಯುತ್ತದೆ, ಆ ಕಾಲದ ರೇಡಿಯೋ ಮಾಡಿದ್ದೂ ಅದಕ್ಕೇ. ಸ್ವಿಚಿಂಗ್ ಮಾದರಿಯದು ಮಾತ್ರ ಖಾಲಿ ಇರುವಾಗಲೂ 6ರ ಆಸುಪಾಸಿನಲ್ಲೇ ಇರಬೇಕು. ಯಾವುದೇ 6 ವೋಲ್ಟಿನ ಅಡಾಪ್ಟರನ್ನು ಒರೆಗೆ ಹಚ್ಚಲು 12 ಓಮ್ 5 ವ್ಯಾಟಿನ ಬಿಳಿ ಸಿಮೆಂಟ್ ರೆಸಿಸ್ಟರ್ ಒಂದು ಸಾಕು. 6 ವೋಲ್ಟಿಗೆ ಅದು ಅರ್ಧ ಆಂಪಿಯರ್ ಎಳೆಯುತ್ತದೆ. ಅದನ್ನು ಎರಡು ತುದಿಗೆ ಜೋಡಿಸಿ ಹತ್ತು ನಿಮಿಷ ಬಿಟ್ಟು ವೋಲ್ಟ್ ನೋಡಿ. ಸ್ವಿಚಿಂಗ್ ಅಡಾಪ್ಟರ್ 5.7ಕ್ಕಿಂತ ಕೆಳಗೆ ಇಳಿದರೆ ಲೇಬಲ್ ಸುಳ್ಳು ಹೇಳುತ್ತಿದೆ. ರೆಸಿಸ್ಟರ್ ಕೈಸುಡುವಷ್ಟು ಬಿಸಿಯಾಗುತ್ತದೆ, ಮೇಜಿನ ಬಟ್ಟೆ ಮೇಲೆ ಇಡಬೇಡಿ.

ತೋಟದ ಕೊನೆಯ ಮನೆಗಳಲ್ಲಿ ಲೈನ್ ಉದ್ದವಾಗಿ ವೋಲ್ಟೇಜ್ 160ಕ್ಕೆ ಇಳಿಯುವುದುಂಟು. ಟ್ರಾನ್ಸ್‌ಫಾರ್ಮರ್ ಮಾದರಿ ಅಷ್ಟೇ ಪ್ರಮಾಣದಲ್ಲಿ ಕುಗ್ಗಿ, ದನಿ ಸೊರಗಿ ‘ಗುಂಯ್’ ಎನ್ನುತ್ತದೆ. 100–240 ಎಂದು ಬರೆದಿರುವ ಸ್ವಿಚಿಂಗ್ ಮಾದರಿಗೆ ಅದರ ಗೊಡವೆಯಿಲ್ಲ. ಎರಡು ಪಿನ್ನಿನ ಸ್ವಿಚಿಂಗ್ ಅಡಾಪ್ಟರ್ ಹಾಕಿದಾಗ, ಬರಿಗಾಲಲ್ಲಿ ಒದ್ದೆ ಕಾವಿ ನೆಲದ ಮೇಲೆ ನಿಂತು ಏರಿಯಲ್ ಸವರಿದರೆ ಬೆರಳಿಗೆ ಸಣ್ಣ ಜುಮ್ಮೆನ್ನುವಿಕೆ ಸಿಗಬಹುದು. ಒಳಗಿನ ಫಿಲ್ಟರ್ ಕೆಪಾಸಿಟರ್‌ನಿಂದ ಸೋರುವ ಅತಿ ಸಣ್ಣ ಕರೆಂಟ್ ಅದು. ಜುಮ್ಮೆನ್ನುವುದು ಹೋಗಿ ‘ಶಾಕ್’ ಎನಿಸಿದರೆ ಆ ಅಡಾಪ್ಟರನ್ನು ಮತ್ತೆ ಚುಚ್ಚಬೇಡಿ.

ಸಿಡಿಲಿಗೆ ಸ್ವಿಚ್ ಆಫ್ ಮಾಡಿದರೆ ಸಾಲದು. ಸ್ವಿಚ್ಚಿನೊಳಗಿನ ಅಂತರ ಕೆಲವೇ ಮಿಲಿಮೀಟರ್, ಸಿಡಿಲಿನ ವೋಲ್ಟ್ ಅದನ್ನು ದಾಟಿಬಿಡುತ್ತದೆ. ನ್ಯೂಟ್ರಲ್ ವೈರ್ ಅಂತೂ ಸ್ವಿಚ್ ಮೂಲಕ ಹೋಗುವುದೇ ಇಲ್ಲ. ಏಪ್ರಿಲ್–ಮೇ, ಮತ್ತೆ ತುಲಾಮಳೆಯ (ಅಕ್ಟೋಬರ್–ನವೆಂಬರ್) ಹೊತ್ತಿಗೆ ಗುಡುಗು ದೂರದಲ್ಲಿರುವಾಗಲೇ ಅಡಾಪ್ಟರನ್ನು ಗೋಡೆಯಿಂದ ಕಿತ್ತಿಡಿ. ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿದ್ದು ಕರೆಂಟ್ ಹೋಗಿದ್ದರೆ, ಬಂದ ತಕ್ಷಣ ಚುಚ್ಚದೆ ಐದು ನಿಮಿಷ ಬಲ್ಬ್ ಏರಿಳಿತವಿಲ್ಲದೆ ಉರಿಯುವುದನ್ನು ನೋಡಿ ಚುಚ್ಚಿ.

ಹೊಸ ಅಡಾಪ್ಟರ್ ಹಾಕಿದ ಮೊದಲ ಒಂದು ಗಂಟೆ ಹತ್ತಿರವೇ ಇರಿ. ಬೆಚ್ಚಗಾಗುವುದು ಸಹಜ. ಅಂಗೈ ಒತ್ತಿ ಹಿಡಿಯಲಾಗದಷ್ಟು ಬಿಸಿಯಾದರೆ, ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ ತೆಗೆದುಬಿಡಿ. ಎಲ್ಲ ಸರಿಯಾಗಿದ್ದರೆ ಅಡಾಪ್ಟರ್‌ ಬೆನ್ನಿಗೆ ಬಿಳಿ ಟೇಪ್ ಅಂಟಿಸಿ, ‘ಅಪ್ಪನ ರೇಡಿಯೋ, 6 ವೋಲ್ಟ್’ ಎಂದೂ ನಡು ಪ್ಲಸ್ಸೋ ಮೈನಸ್ಸೋ ಎಂದೂ ಅಳಿಸದ ಪೆನ್ನಿನಿಂದ ಬರೆಯಿರಿ. ಅದನ್ನೇ ರೇಡಿಯೋದ ಸೆಲ್ ಮುಚ್ಚಳದ ಒಳಬದಿಗೂ ಬರೆದಿಡಿ.